ಸ್ಟೇಜಿಲ್ಲದ ಮದುವೆ

"ರಿಬ್ಬನ್ ಬಿಚ್ರಿ! ಮೊದಲು ಆ ರಿಬ್ಬನ್ ಬಿಚ್ರಿ!" ಎಂದು ದೊಡ್ಡಮಾವ ಗೇಟಿನಿಂದಲೇ ಕೂಗುತ್ತ ಬಂದಾಗ ಮಗಳು ಕೊನೆಯ ಸಾಲಿನ ಕುರ್ಚಿ ಜೋಡಿಸುತ್ತಿದ್ದಳು. ತಲೆ ಎತ್ತಿ ನೋಡಿದಳು. ತಾವೆಲ್ಲ ಸೇರಿ ಏನು ಮಾಡಿಟ್ಟಿದ್ದೇವೆಂಬುದು ಅವಳಿಗೆ ಆಗ ಕಂಡಿತು. ಅರವತ್ತು ಕುರ್ಚಿಗೂ ಬಿಳಿ ಗೌಸು, ಅರವತ್ತು ಬೆನ್ನಿಗೂ ಬಂಗಾರ ಬಣ್ಣದ ರಿಬ್ಬನ್ನಿನ ಗಂಟು. ಸಾಲುಗಳ ನಡುವೆ ನೇರವಾದ ದಾರಿ. ಬಾಗಿಲ ಬಳಿಯ ಮೇಜಿನ ಮೇಲೆ ಬಂದವರಿಗೆಂದು ಶರಬತ್ತು. ದಾರಿಯ ಕೊನೆಯಲ್ಲಿ, ವಧೂವರರು ಕೂರಬೇಕಾದ ಜಾಗದಲ್ಲಿ, ಅಮ್ಮ ಮಲಗಿದ್ದಳು.

ಹೀಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಬಡಗಿ, ಹೂವಮ್ಮ, ಅಡುಗೆಯಣ್ಣ ಮೂವರೂ ಬೆಳಿಗ್ಗೆಯಿಂದ ಅಳುತ್ತಲೇ ಕೆಲಸ ಮಾಡಿದ್ದರು. ಮೂವತ್ತು ವರ್ಷ ಅಮ್ಮನ ಜೊತೆ ದುಡಿದು, ಮದುವೆ ಬಿಟ್ಟರೆ ಬೇರೆ ಕಾಣದ ಕೈಗಳು. ಕಣ್ಣು ಅಳುತ್ತಿದ್ದರೂ ಕೈ ತನ್ನ ಪಾಡಿಗೆ ಮದುವೆ ಕಟ್ಟಿಬಿಟ್ಟಿತ್ತು.

"ಅಯ್ಯೋ ನಮ್ಮ ಬುದ್ಧಿಗಿಷ್ಟು!" ಎಂದು ಹೂವಮ್ಮ ಹಣೆ ಚಚ್ಚಿಕೊಂಡಳು. ನಗು ಬಂತು, ನಗುವಿನ ಬೆನ್ನಿಗೇ ಅಳುವೂ ಬಂತು. "ಅಮ್ಮ ಎದ್ದು ಕೂತಿದ್ರೆ ಇದಕ್ಕೇ ಬೈತಿದ್ರು. ಗಂಟು ಸೊಟ್ಟಗಿದೆ ಅಂತ."

"ನಗೋ ಹೊತ್ತಾ ಇದು?" ಎಂದ ದೊಡ್ಡಮಾವ. ಅಮ್ಮನ ಅಣ್ಣ, ನಿವೃತ್ತ ಗುಮಾಸ್ತ. ಯಾವುದು ಎಲ್ಲಿರಬೇಕೋ ಅಲ್ಲಿಲ್ಲದಿದ್ದರೆ ಅವನಿಗೆ ಊಟ ಸೇರದು.

ಎಲ್ಲರೂ ರಿಬ್ಬನ್ ಬಿಚ್ಚತೊಡಗಿದರು. ಅವರಿದ್ದ ಆ ಶೆಡ್ಡು ಅಮ್ಮನದೇ. ಒಂದು ಗೋಡೆಗೆ ಮಡಚಿದ ಪರದೆಗಳು, ಇನ್ನೊಂದಕ್ಕೆ ಕಮಾನಿನ ಕಂಬಿಗಳು, ಮೂಲೆಯಲ್ಲಿ ತಗ್ಗು ಬಿದ್ದ ಹೂದಾನಿಗಳು. ಊರಿನ ಅರ್ಧ ಸಂಸಾರಗಳು ಈ ಸಾಮಾನಿನ ನಡುವೆಯೇ ಶುರುವಾಗಿದ್ದವು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಯಾರಾದರೂ ಅಂದರೆ ಅಮ್ಮ ನಗುತ್ತಿದ್ದಳು. "ಮನೆ ಅಂತೂ ಕಟ್ಟಲಿಲ್ಲ. ಮದುವೆ ಮಾತ್ರ ಒಂಬೈನೂರು ಮಾಡಿ ನೋಡಿದ್ದೀನಿ." ಜನ ಅವಳ ಹೆಸರು ಮರೆತು ಮದುವೆಯಮ್ಮ ಎಂದೇ ಕರೆಯುತ್ತಿದ್ದರು.

ನಿನ್ನೆ ಬೆಳಿಗ್ಗೆ ಪರದೆ ಮಡಚುತ್ತಿದ್ದವಳು ಅದೇ ಪರದೆಯ ಮೇಲೆ ಒರಗಿದಳು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹನ್ನೊಂದಕ್ಕೆ ಅವಳನ್ನು ಮಣ್ಣು ಮಾಡಬೇಕು. ಸಂಜೆ ಆರಕ್ಕೆ ಅವಳು ಒಪ್ಪಿಕೊಂಡಿದ್ದ ಮದುವೆ.

"ಸಂಜೆದು ಬಿಟ್ಟುಬಿಡು," ಎಂದ ದೊಡ್ಡಮಾವ, ರಿಬ್ಬನ್ನುಗಳನ್ನು ಸುತ್ತಿ ಜೇಬಿಗೆ ತುರುಕಿಕೊಳ್ಳುತ್ತ. "ಹೆತ್ತವಳನ್ನ ಕಳಿಸಿದ ದಿನವೇ ಹೋಗಿ ಹೂ ಕಟ್ತೀಯಾ? ನೋಡಿದವರು ಏನಂದಾರು?"

"ಮಾಡ್ತೀನಿ ಮಾವ."

"ಹೇಗೆ ಮಾಡ್ತೀಯಾ? ಅವಳು ನಿನಗೆ ಏನಾದ್ರೂ ಹೇಳಿದ್ದಾಳಾ?"

ಅಮ್ಮ ಏನೂ ಹೇಳಿರಲಿಲ್ಲ.

*

ಅಮ್ಮ ಯಾವ ಮದುವೆಯ ನಕ್ಷೆಯನ್ನೂ ಬರೆದಿಟ್ಟವಳಲ್ಲ. ಬಹಳ ಹಿಂದೆ ಯಾರೋ ಅವಳ ನಕ್ಷೆ ಕದ್ದು, ಅವಳಿಗಿಂತ ವಾರ ಮೊದಲೇ ಅದೇ ಅಲಂಕಾರ ಮಾಡಿ ಮೆರೆದಿದ್ದರಂತೆ. ಅಂದಿನಿಂದ ಬಡಗಿಗೆ ಬಡಗಿಯ ಕೆಲಸ, ಹೂವಮ್ಮನಿಗೆ ಹೂವಿನ ಕೆಲಸ, ಅಡುಗೆಯಣ್ಣನಿಗೆ ಅಡುಗೆಯ ಕೆಲಸ. ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗಕೂಡದು. ಪೂರ್ತಿ ಮದುವೆ ಇರುತ್ತಿದ್ದುದು ಅವಳ ತಲೆಯಲ್ಲಿ ಮಾತ್ರ.

ಹುಡುಗ ಹುಡುಗಿಯರು ಫೋನಿನಲ್ಲಿ ನೂರು ಚಿತ್ರ ತರುತ್ತಿದ್ದರು. ತೇಲುವ ದೀಪ, ಗಾಜಿನ ಮೆಟ್ಟಿಲು, ಹೂವಿನ ಗೋಡೆ. ಅಮ್ಮ ಕನ್ನಡಕ ಏರಿಸಿ ನೂರನ್ನೂ ನೋಡುತ್ತಿದ್ದಳು. ಚೆಂದ ಇದೆ, ಇದೂ ಚೆಂದ ಇದೆ ಎನ್ನುತ್ತಿದ್ದಳು. ಕೊನೆಗೆ ಫೋನು ವಾಪಸು ಕೊಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದಳು. "ನಿಮ್ಮ ಮನೇಲಿ ಈ ಮದುವೆಗೆ ಬರೋದು ಯಾರಿಗೆ ಕಷ್ಟ?"

ಒಂದು ಮನೆಯಲ್ಲಿ ಕಣ್ಣು ಕಾಣದ ಅಜ್ಜಿ. ಇನ್ನೊಂದರಲ್ಲಿ ಅಣ್ಣನ ಜೊತೆ ಮಾತು ಬಿಟ್ಟ ತಮ್ಮ. ಅಮ್ಮ ಅವರನ್ನು ಒಬ್ಬಳೇ ಹೋಗಿ ಕಂಡು ಬರುತ್ತಿದ್ದಳು. ಆಮೇಲೆ ಇಡೀ ಮದುವೆಯನ್ನು ಆ ಒಬ್ಬರಿಗಾಗಿ ಕಟ್ಟುತ್ತಿದ್ದಳು, ಯಾರಿಗೂ ಗೊತ್ತಾಗದ ಹಾಗೆ.

ಮಗಳಿಗೆ ಇದು ಪಕ್ಕದ ಮನೆಯ ಗುಟ್ಟು ಕೆದಕುವ ಚಪಲವೆಂದೇ ಅನಿಸುತ್ತಿತ್ತು. ಅವಳ ಪಾಲಿನ ಕೆಲಸ ನೆಲಹಾಸು. ಬಾಗಿಲಿನಿಂದ ಸ್ಟೇಜಿನವರೆಗೆ ವಧು ನಡೆದು ಬರುವ ದಾರಿ. ಹೋದ ವರ್ಷ ಹಟ ಹಿಡಿದು, ಕಾಲಿಟ್ಟರೆ ಪಾದ ಮುಳುಗುವಂಥ ದಪ್ಪ ಕೆಂಪು ಹಾಸು ತರಿಸಿದ್ದಳು.

"ಫೋಟೋದಲ್ಲಿ ಎಷ್ಟು ಚೆನ್ನಾಗಿ ಬರುತ್ತೆ ನೋಡಮ್ಮ!"

"ಫೋಟೋ ಬಂದು ಉಂಡು ಹೋಗುತ್ತೇನೇ?" ಎಂದಿದ್ದಳು ಅಮ್ಮ.

ಆ ಮಾತಿಗೆ ಇಬ್ಬರೂ ಎರಡು ದಿನ ಮುಖ ತಿರುಗಿಸಿಕೊಂಡು ಓಡಾಡಿದ್ದರು. ಮೊನ್ನೆ ಸಂಜೆ ಮಗಳು ತಾನಾಗಿಯೇ ಕೇಳಿದ್ದಳು, ಈ ಮದುವೆಗೆ ನನ್ನ ಕೆಲಸ ಏನು ಎಂದು. "ನಾಳೆ ಹೇಳ್ತೀನಿ," ಎಂದಿದ್ದಳು ಅಮ್ಮ. "ನಿಂದು ಸ್ವಲ್ಪ ಕಷ್ಟದ್ದು."

*

ಜನ ಬರತೊಡಗಿದ್ದರು. ಮಗಳು ಅಮ್ಮನ ತಲೆಯ ಬಳಿ ಕೂತು, ಬಡಗಿಯನ್ನು ಕಣ್ಣಲ್ಲೇ ಕರೆದಳು.

"ಚಿಕ್ಕಪ್ಪ, ಸಂಜೆ ಮದುವೆಗೆ ನಿಮಗೆ ಅಮ್ಮ ಏನು ಹೇಳಿದ್ರು?"

ಬಡಗಿ ಅಮ್ಮನ ಮುಖವನ್ನೊಮ್ಮೆ ನೋಡಿದ, ಅಪ್ಪಣೆ ಕೇಳುವವನಂತೆ. "ಹೇಳಬಾರದು ಕಣಮ್ಮ."

"ಅವಳೇ ಇಲ್ಲವಲ್ಲ."

"ಅದಕ್ಕೇ ಹೇಳೋಕೆ ಭಯ." ಆದರೂ ದನಿ ತಗ್ಗಿಸಿ ಹೇಳಿದ. "ಸ್ಟೇಜೇ ಬೇಡ ಅಂದ್ರು. ಹುಡುಗ ಹುಡುಗಿ ನೆಲದ ಮಟ್ಟದಲ್ಲೇ ಕೂರಲಿ ಅಂತ. ಸ್ಟೇಜಿಲ್ಲದ ಮದುವೆಗೆ ಬಡಗಿ ಯಾಕೆ ಅಂತ ನನಗೆ ಸಿಟ್ಟೇ ಬಂತು. ಬಾಗಿಲ ಮೆಟ್ಟಿಲ ಮೇಲೆ ಒಂದು ಇಳಿಜಾರು ಹಲಗೆ ಮಾತ್ರ ಹಾಕು ಅಂದ್ರು. ಪಾತ್ರೆ ಸಾಗಿಸೋಕೆ ಅಂದ್ಕೊಂಡೆ."

ಹೂವಮ್ಮ ಪಕ್ಕಕ್ಕೆ ಸರಿದು ಕೂತಳು. "ನನಗೆ, ಯಾವ ಹೂವೂ ಸೊಂಟಕ್ಕಿಂತ ಮೇಲೆ ಹೋಗಬಾರದು ಅಂದ್ರು. ಕಮಾನು ಬೇಡ, ತೂಗೋ ಮಾಲೆ ಬೇಡ. ಕೂತವರ ಕಣ್ಣಿನ ಮಟ್ಟಕ್ಕೆ ಇರಲಿ ಅಂತ."

"ನನ್ನ ಕಥೆ ಕೇಳಿ," ಎಂದ ಅಡುಗೆಯಣ್ಣ. ಅವನಿಗೆ ಅಳುವಿಗಿಂತ ದೂರೇ ಹೆಚ್ಚಿತ್ತು. "ತಟ್ಟೆ ಬೇಡ, ಎಲ್ಲರಿಗೂ ಬಟ್ಟಲಂತೆ. ಜಾರದ ಹಾಗೆ ತಳ ಭಾರ ಇರೋ ಬಟ್ಟಲು. ಹರಿಯೋ ಅಂಥದ್ದೂ ಬೇಡ, ಕಿತ್ತು ತಿನ್ನೋ ಅಂಥದ್ದೂ ಬೇಡ, ಒಂದೇ ಚಮಚದಲ್ಲಿ ಎಲ್ಲ ತಿನ್ನೋ ಹಾಗಿರಬೇಕಂತೆ. ಮದುವೆ ಊಟವಾ, ಆಸ್ಪತ್ರೆ ಊಟವಾ ಅಂತ ಕೇಳಿಯೇಬಿಟ್ಟೆ. ಪಾಪಿ ನಾನು! ಅವರ ಜೊತೆ ನಾನಾಡಿದ ಕೊನೇ ಮಾತು ಅದು."

ಅಷ್ಟರಲ್ಲಿ ಸಾಲುಗಳ ನಡುವಿನ ದಾರಿಯಲ್ಲಿ ಒಬ್ಬ ಹೆಂಗಸು ತಡವರಿಸುತ್ತ ಬಂದಳು. ಸಂಜೆಯ ಮದುವೆಯ ಹುಡುಗಿಯ ತಾಯಿ. ಕೈಮುಗಿದು ಅಮ್ಮನ ಮುಂದೆ ನಿಂತಳು, ಆಮೇಲೆ ಮಗಳ ಪಕ್ಕದಲ್ಲಿ ಕುಸಿದು ಕೂತಳು.

"ನೀವು ಬರಲೇಬೇಕು ಅಂತ ಕೇಳೋಕೆ ಬಂದಿಲ್ಲಮ್ಮ. ಹೇಗೋ ನಾವೇ ನಾಲ್ಕು ಹೂ ಕಟ್ಕೋತೀವಿ. ಆದ್ರೆ ನಮ್ಮವರು ಈಗ ನಾನು ಮದುವೆಗೆ ಬರಲ್ಲ ಅಂತಿದ್ದಾರೆ."

"ಯಾಕೆ?"

"ಮೂವತ್ತು ವರ್ಷ ಬಸ್ಸು ಓಡಿಸಿದವರು. ಈ ವರ್ಷ ಲಕ್ವ ಹೊಡೆದು ಬಲಗೈ, ಬಲಗಾಲು ಎರಡೂ ಬಿದ್ದುಹೋಯ್ತು. ತಳ್ಳೋ ಕುರ್ಚಿಯಲ್ಲೇ ಇರೋದು. ಮಗಳ ಮದುವೇಲಿ ನಾಲ್ಕು ಜನ ನನ್ನನ್ನ ಮೂಟೆ ಹಾಗೆ ಎತ್ತಿ ಸ್ಟೇಜಿಗೆ ಹಾಕೋದು, ಎಲ್ಲರೆದುರು ಯಾರೋ ತುತ್ತು ಹಾಕೋದು ಬೇಡವೇ ಬೇಡ ಅಂತ ಹಟ ಹಿಡಿದಿದ್ರು. ನಿಮ್ಮಮ್ಮ ಬಂದು ಅವರ ಹತ್ತಿರ ಒಂದು ಗಂಟೆ ಕೂತ್ರು. ಯಾರೂ ಎತ್ತಲ್ಲ, ಯಾರೂ ಉಣಿಸಲ್ಲ, ಅಯ್ಯೋ ಪಾಪ ಅನ್ನೋ ಸದ್ದು ನಿಮ್ಮ ಕಿವಿಗೆ ಬೀಳಲ್ಲ, ನಾನು ಮಾತು ಕೊಡ್ತೀನಿ ಅಂದ್ರು. ಆಗ ಒಪ್ಪಿದ್ರು. ನಿನ್ನೆ ಸುದ್ದಿ ಬಂದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ. ಮಾತು ಕೊಟ್ಟವಳೇ ಹೋದಳಲ್ಲ ಅಂತಾರೆ."

ಬಡಗಿ ಹೂವಮ್ಮನ ಮುಖ ನೋಡಿದ. ಹೂವಮ್ಮ ಅಡುಗೆಯಣ್ಣನ ಮುಖ ನೋಡಿದಳು. ಅಡುಗೆಯಣ್ಣ ಹೆಗಲ ಬಟ್ಟೆಯಿಂದ ಬಾಯಿ ಮುಚ್ಚಿಕೊಂಡ. ಇಳಿಜಾರು ಹಲಗೆ, ತಗ್ಗಿನ ಹೂವು, ಭಾರದ ಬಟ್ಟಲು. ಮೂವರ ಕೈಲಿದ್ದ ಮೂರು ತುಂಡುಗಳು ಅವರ ಕಣ್ಣೆದುರೇ ಒಂದಾದವು.

ಇಷ್ಟು ವರ್ಷ ಅಮ್ಮನನ್ನು ಚಪಲದವಳು ಎಂದುಕೊಂಡಿದ್ದಕ್ಕೆ ಮಗಳಿಗೆ ನಾಚಿಕೆಯಾಯಿತು, ತಾಳಲಾರದಷ್ಟು ಹೆಮ್ಮೆಯೂ ಆಯಿತು. ಅಳುವುದಕ್ಕೆ ಮಾತ್ರ ಹೊತ್ತಿರಲಿಲ್ಲ.

"ಮನೆಗೆ ಹೋಗಿ ಅವರಿಗೆ ಹೇಳಿ," ಎಂದಳು. "ಮಾತು ಕೊಟ್ಟವಳು ಹೋಗಿದ್ದಾಳೆ, ಮಾತು ಹೋಗಿಲ್ಲ ಅಂತ. ಆರು ಗಂಟೆಗೆ ಕರ್ಕೊಂಡು ಬನ್ನಿ."

ಆಕೆ ಕಣ್ಣೊರೆಸಿಕೊಂಡು ಎದ್ದಳು. ಹೋಗುವ ಮೊದಲು ಒಂದೇ ಒಂದು ಮಾತು ಕೇಳಿದಳು. "ಹುಡುಗೀನ ಬಾಗಿಲಿಂದ ಒಳಗೆ ಕರ್ಕೊಂಡು ಬರೋದು ಅಪ್ಪನೇ ಅಲ್ವಾ? ಅದಕ್ಕೆ ಏನು ಮಾಡೋದು ಅಂತ ನಿಮ್ಮಮ್ಮ ಹೇಳಿರಲಿಲ್ಲ. ಅದನ್ನ ನನ್ನ ಮಗಳಿಗೆ ಹೇಳ್ತೀನಿ ಅಂದಿದ್ರು, ಅಂದ್ರೆ ನಿಮಗೆ."

*

ಹನ್ನೊಂದಕ್ಕೆ ಅಮ್ಮನನ್ನು ಎತ್ತಿದರು. ಬಡಗಿ ಮುಂದೆ ಹೆಗಲು ಕೊಟ್ಟ. ಮಗಳು ಹಿಂದೆ ಹೆಗಲು ಕೊಟ್ಟಳು, ಯಾರು ಬೇಡವೆಂದರೂ ಕೇಳಲಿಲ್ಲ. ಮಣ್ಣು ಒದ್ದೆಯಾಗಿ ಭಾರವಾಗಿತ್ತು. ಮೂರು ಹಿಡಿ ಹಾಕಿ, ಎದ್ದು, ಮಗಳು ಕೈ ಕೊಡವಿಕೊಂಡಳು.

"ಈಗಲೂ ಹೋಗ್ತೀಯಾ?" ಎಂದ ದೊಡ್ಡಮಾವ.

"ಹೋಗ್ತೀನಿ."

"ನಿಮ್ಮಮ್ಮನೂ ಹೀಗೇ. ಹಿಡಿದ ಪಟ್ಟು ಬಿಟ್ಟವಳಲ್ಲ. ನಿಮ್ಮಪ್ಪ ತೀರಿಕೊಂಡ ಮೂರನೇ ದಿನ ಬಾಡಿಗೆಗೆ ನಾಲ್ಕು ಪರದೆ ತಂದು ಈ ಕೆಲಸ ಶುರು ಮಾಡಿದಳು. ಆಗ ನಾನು ಒಂದು ವರ್ಷ ಅವಳ ಮನೆ ಮೆಟ್ಟಿಲು ಹತ್ತಲಿಲ್ಲ." ಅವನು ಜೇಬಿಗೆ ಕೈಹಾಕಿ ಕರವಸ್ತ್ರ ತೆಗೆಯಲು ಹೋದ. ಬಂಗಾರದ ರಿಬ್ಬನ್ ಕೈಗೆ ಬಂತು, ಅದರಲ್ಲೇ ಕಣ್ಣೊರೆಸಿಕೊಂಡ. "ನಾನು ಬರಲ್ಲ. ನನಗದು ಸರಿ ಕಾಣಲ್ಲ. ಮನೆಗೆ ಬಂದವರನ್ನ ನಾನು ನೋಡ್ಕೋತೀನಿ. ನೀನು ಹೊರಡು."

ಮೂರು ಗಂಟೆಯ ಹೊತ್ತಿಗೆ ಮಗಳು ಮದುವೆಯ ಹಾಲಿನಲ್ಲಿ ನಿಂತಿದ್ದಳು. ಬಡಗಿ ಬಾಗಿಲಿಗೆ ಹಲಗೆ ಜೋಡಿಸುತ್ತಿದ್ದ. ಅದರ ಅಂಚಿನ ಮೇಲೆ ಅಂಗೈ ಸವರಿ ಸವರಿ ನೋಡುತ್ತಿದ್ದ, ಅಷ್ಟು ಎಚ್ಚರದಿಂದ ಅವನು ಯಾವ ಸ್ಟೇಜನ್ನೂ ಕಟ್ಟಿದವನಲ್ಲ. ಹೂವಮ್ಮ ನೆಲದಲ್ಲಿ ಕೂತು, ಕೂತಲ್ಲಿಂದ ಕಣ್ಣಿಗೆ ಸಿಗುವಷ್ಟೇ ಎತ್ತರಕ್ಕೆ ಹೂ ಕಟ್ಟುತ್ತಿದ್ದಳು.

ಕೆಂಪು ಹಾಸು ಸುರುಳಿಯಾಗಿ ಬಾಗಿಲ ಬಳಿ ಬಿದ್ದಿತ್ತು. ಬಿಡಿಸಿದರೆ ಹಾಲಿಗೆ ಕಳೆ ಬರುತ್ತದೆ, ಅದು ಅವಳಿಗೆ ಗೊತ್ತು. ಅವಳ ಪಾಲಿನ ಕೆಲಸವೆಂದರೆ ಅದೊಂದೇ. ಸಾಮಾನು ಸಾಗಿಸುವ ಗಾಡಿ ತಂದು, ಅದರ ಮೇಲೆ ಅಕ್ಕಿ ಮೂಟೆಯೊಂದನ್ನು ಇಟ್ಟು, ನಾಲ್ಕಡಿ ಹಾಸು ಬಿಡಿಸಿ ತಳ್ಳಿ ನೋಡಿದಳು. ಚಕ್ರ ಹಾಸಿನಲ್ಲಿ ಹೂತು ಅಲ್ಲೇ ನಿಂತಿತು. ಮತ್ತೆ ತಳ್ಳಿದಳು. ಗಾಡಿ ವಾಲಿತು.

ನಿಂದು ಸ್ವಲ್ಪ ಕಷ್ಟದ್ದು ಎಂದಿದ್ದಳು ಅಮ್ಮ. ಮತ್ತೊಂದು ಜಗಳಕ್ಕೆ ಹೆದರಿಯೇ ಮರುದಿನಕ್ಕೆ ಮುಂದೂಡಿರಬೇಕು.

"ಇದನ್ನ ಆಚೆ ಹಾಕಿ," ಎಂದು ಮಗಳು ಹಾಸನ್ನು ತಾನೇ ಸುತ್ತತೊಡಗಿದಳು. ಆಮೇಲೆ ಸೀರೆ ಎತ್ತಿಕಟ್ಟಿ, ಬಕೆಟ್ಟು ತಂದು, ಬಾಗಿಲಿನಿಂದ ಒಳಗಿನವರೆಗೆ ಬರಿನೆಲವನ್ನು ಮಂಡಿಯೂರಿ ಒರೆಸಿದಳು. ಒಂದು ಕಲ್ಲುಹರಳು ಉಳಿಯದ ಹಾಗೆ, ಎರಡು ಸಲ.

ಆರಕ್ಕೆ ಜನ ತುಂಬಿದರು. ಬಾಗಿಲಲ್ಲಿ ಹುಡುಗಿ ಕಾಣಿಸಿಕೊಂಡಳು, ಅವಳ ಕೈ ಅಪ್ಪನ ಎಡಗೈಯಲ್ಲಿತ್ತು. ಕುರ್ಚಿ ತಳ್ಳುತ್ತಿದ್ದವಳು ಹೆಂಡತಿ. ಡ್ರೈವರು ಇಸ್ತ್ರಿ ಅಂಗಿ ತೊಟ್ಟು, ಹಲ್ಲು ಕಚ್ಚಿ ನೇರ ಮುಂದೆ ನೋಡುತ್ತಿದ್ದ. ಹಲಗೆಯ ಮೇಲೆ ಚಕ್ರ ಏರಿತು, ಇಳಿಯಿತು, ಬರಿನೆಲದ ಮೇಲೆ ಸದ್ದಿಲ್ಲದೆ ಉರುಳಿತು. ನಡುದಾರಿಯಲ್ಲಿ ಅವನು ತೊದಲು ದನಿಯಲ್ಲಿ ಏನೋ ಅಂದ. ಹೆಂಡತಿ ನಗು ತಡೆಯಲಾರದೆ ಹುಡುಗಿಗೆ ಹೇಳಿದ್ದು ಪರದೆಯ ಹಿಂದಿದ್ದ ಮಗಳಿಗೂ ಕೇಳಿಸಿತು. "ಎಡಕ್ಕೆ ಎಳೀತಿದ್ದೀಯಾ, ಸ್ಟೇರಿಂಗ್ ನೇರ ಹಿಡಿ ಅಂತಿದ್ದಾರೆ ನಿಮ್ಮಪ್ಪ!"

ಊಟದ ಹೊತ್ತಿಗೆ ಇನ್ನೂರು ಜನರ ಮುಂದೆ ಇನ್ನೂರು ಬಟ್ಟಲು. ಬೀಗರ ಕಡೆಯ ಹಿರಿಯರೊಬ್ಬರು, ಇದೇನು ಹೊಸ ಸ್ಟೈಲು ಎಂದು ಚಮಚ ತಿರುಗಿಸಿ ನೋಡಿ, ಉಂಡು, ಚೆನ್ನಾಗಿದೆ ಎಂದರು. ಡ್ರೈವರು ಎಡಗೈಯಿಂದ ಎತ್ತಿದ ಮೊದಲ ಚಮಚದಿಂದ ಒಂದಿಷ್ಟು ಚೆಲ್ಲಿತು. ಅವನು ಸುತ್ತ ನೋಡಿದ. ಯಾರೂ ಅವನತ್ತ ನೋಡುತ್ತಿರಲಿಲ್ಲ, ಎಲ್ಲರೂ ತಮ್ಮ ತಮ್ಮ ಬಟ್ಟಲಲ್ಲಿ ಮುಳುಗಿದ್ದರು. ಎರಡನೆಯ ಚಮಚ ನೇರ ಬಾಯಿಗೆ ಹೋಯಿತು. ಮೂರನೆಯದೂ ಹೋಯಿತು.

ಅಡುಗೆಯಣ್ಣ ಬಡಿಸುವವರನ್ನು ದೂರ ಸರಿಸಿ ತಾನೇ ಸಾಲಿನಲ್ಲಿ ಬರುತ್ತಿದ್ದ. ಎಲ್ಲರನ್ನೂ ಕೇಳಿದಂತೆಯೇ ಡ್ರೈವರನ್ನೂ ಕೇಳಿದ. "ಸಾಕಾ?"

ಡ್ರೈವರು ಖಾಲಿ ಬಟ್ಟಲನ್ನು ಎಡಗೈಯಿಂದ ಮುಂದೆ ತಳ್ಳಿದ. ಅಡುಗೆಯಣ್ಣ ಒಂದು ಸೌಟು ಹಾಕಿದ. ಡ್ರೈವರು ಬಟ್ಟಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಇನ್ನೂ ಒಂದಿಷ್ಟು ಮುಂದೆ ತಳ್ಳಿದ.