ಏನೂ ಹಾಕದ ಪಟ್ಟಿ

“ಹೊಲದ ಈ ಪಟ್ಟಿ ಸಂಬಂಧ ನಮ್ಮಪ್ಪನ ಎದುರಿಗೆ ನಿಂತಾಕಿ ಅಂದ್ರ ನಮ್ಮ ವಿಜಿ ಒಬ್ಬಾಕಿನ!” ಎನ್ನುತ್ತ ಕಾಡಪ್ಪ ಕಡಲೆಯ ಗಿಡಗಳನ್ನು ಬೇರುಸಹಿತ ಕಿತ್ತು ಬದುವಿನಾಚೆ ಎಸೆಯುತ್ತಿದ್ದ. “ಗೊಬ್ಬರದ ಚಕ್ಕಡಿ ತುಂಬಿ ಬಂದಿತ್ತು. ಎತ್ತಿನ ಕೋಡಿಗೆ ಎದಿ ಕೊಟ್ಟು ನಿಂತ್ಲು ನೋಡ್ರಿ. ‘ಇಲ್ಲಿ ಒಂದು ಬುಟ್ಟಿ ಗೊಬ್ಬರ ಬಿದ್ರೂ ನಾ ಮನೀಗೆ ಬರೂದಿಲ್ಲ’ ಅಂದ್ಲು. ಊರೆಲ್ಲ ಹೆದರತಿದ್ದ ನಮ್ಮಪ್ಪ, ತನ್ನ ಚಕ್ಕಡಿ ತಾನ ಹಿಂದಕ್ಕ ಹೊಡದ!”

ಅವನ ತಂಗಿ ವಿಜಯಾ ಕಣ್ಣು ಮುಚ್ಚಿದ್ದು ಆ ದಿನವೇ ನಸುಕಿನಲ್ಲಿ. ಅವನು ತೆರವು ಮಾಡಿಕೊಟ್ಟ ನೆಲದಲ್ಲಿ ಆಳುಮಗ ಪರಶು ಆಗಲೇ ಮೊಣಕಾಲುದ್ದ ಕುಣಿ ತೋಡಿದ್ದ.

ಮುನವಳ್ಳಿಯಲ್ಲಿ ಬಸ್ಸಿಳಿದು ಓಡುತ್ತ ಬಂದ ಪ್ರಜ್ಞಾ ಬದುವಿನ ಮೇಲೆಯೇ ನಿಂತುಬಿಟ್ಟಳು. ಬೈಲಹೊಂಗಲದ ಕಾಲೇಜಿನಲ್ಲಿ ವಿಜಯಾ ಮೇಡಂ ಅವರ ಕೈಕೆಳಗೆ ಓದಿ, ಅವರು ನಿವೃತ್ತರಾದ ಮೇಲೆ ಅವರ ಜಾಗದಲ್ಲಿ ಪಾಠ ಹೇಳುತ್ತಿದ್ದವಳು ಅವಳು. ಈ ಮನೆತನದ ಹಿರಿಯರೆಲ್ಲ ಹೊಲದ ಮೂಲೆಯ ಬೇವಿನ ಮರದಡಿ ಮಣ್ಣಾದವರು. ಮೇಡಂ ಅವರನ್ನೂ ಅಲ್ಲಿಯೇ ಇಡುವರೆಂದು ದಾರಿಯುದ್ದಕ್ಕೂ ನಂಬಿಕೊಂಡು ಬಂದಿದ್ದಳು.

“ಕಾಕಾ, ಇಲ್ಲಿ ಬ್ಯಾಡ್ರಿ! ಈ ಪಟ್ಟಿ ಒಂದ ಬಿಡ್ರಿ!”

ಪರಶುವಿನ ಹಾರೆ ನಿಂತಿತು. ಹೆಣದ ದಾರಿ ಕಾಯುತ್ತ ಬದುವಿನ ಮೇಲೆ ಕುಳಿತಿದ್ದ ಪರವೂರಿನ ನೆಂಟರು ಹಸಿ ಕಡಲೆ ಸುಲಿಯುತ್ತಿದ್ದ ಕೈಗಳನ್ನು ನಿಲ್ಲಿಸಿ ಅವಳತ್ತ ನೋಡಿದರು. ಅವರ ಕಾಲಬುಡದಲ್ಲಿ ಸಿಪ್ಪೆ ರಾಶಿಯಾಗಿತ್ತು. ಅಷ್ಟೂ ಇದೇ ಪಟ್ಟಿಯದು.

“ಊರೆಲ್ಲ ಮಣ್ಣಿಗೆ ಬಂದೈತಿ, ಕಾಲೇಜ ಬಾಯಾರು ಕಡ್ಲಿಗಿಡಾ ಕಾಯಾಕ ಬಂದಾರ!” ಎಂದು ಕಾಡಪ್ಪನ ಅಳಿಯ ಸುಭಾಸ ನಕ್ಕ. “ಹೊಲ ಯಾರ್ದು, ಮಾತು ಯಾರ್ದು?”

ಆ ಮಾತಿನ ಮೊನೆ ತನ್ನ ಕೇರಿಯವರೆಗೂ ಹೋಗಿ ನಾಟುವಂಥದೆಂದು ಪ್ರಜ್ಞಾಳಿಗೆ ತಿಳಿಯಿತು. ಓದುವ ಹುಡುಗಿಯಾಗಿ ಮೊದಲ ಸಲ ಬಂದಾಗ ಈ ಮನೆಯ ಪಡಸಾಲೆಯಲ್ಲಿ ನಿಂತವಳನ್ನು ಕೈಹಿಡಿದು ಒಲೆಯ ತನಕ ಕರೆದೊಯ್ದವರು ಮೇಡಂ ಒಬ್ಬರೇ.

“ಸುಭಾಸ, ಬಾಯಿಮುಚ್ಚು,” ಎಂದು ಗದರಿದವಳು ಕಾಡಪ್ಪನ ಹೆಂಡತಿ ಕೆಂಚವ್ವ. ಬಳಿಗೆ ಬಂದು ಪ್ರಜ್ಞಾಳ ಕೆನ್ನೆ ಸವರಿದಳು. “ಆಕಿ ಜೀವ ಇದ್ದದ್ದು ಈ ಪಟ್ಟ್ಯಾಗಲ್ಲೇನ ಯವ್ವಾ? ಬೇವಿನ ಗಿಡದ ಕೆಳಗ ಇಟ್ರ ರಾತ್ರಿ ಎದ್ದು ಇಲ್ಲಿಗೇ ಬರ್ತಾಳ ಆಕಿ. ಅದಕ್ಕ ನಾವ ಇಲ್ಲಿ ತಂದ್ವಿ.”

“ನಿಮಗ ಹೆಂಗ ಹೇಳ್ಲಿ ಕಾಕೂ…”

“ತೋಡಿದ ಕುಣಿ ಖಾಲಿ ಮುಚ್ಚಬಾರದು ತಂಗಿ,” ಎಂದ ಕಾಡಪ್ಪ, ಮೆಲ್ಲಗೆ. “ಮನ್ಯಾಗ ಮತ್ತೊಂದು ಹೆಣ ಬೇಡತೈತದು.”

ಪರಶುವಿನ ಹಾರೆ ಮತ್ತೆ ನೆಲಕ್ಕಿಳಿಯಿತು.

* * *

ಸೆಣಬು ಬೆಳೆದು, ಹೂಬಿಡುವ ಹೊತ್ತಿಗೆ ಅದನ್ನು ಮಣ್ಣಿಗೇ ಮಗುಚಿದರೆ ಎರೆಭೂಮಿಗೆ ನಿಜವಾಗಿ ಎಷ್ಟು ಬಲ ಬರುತ್ತದೆ? ವಿಜಯಾ ಮೇಡಂ ತಮ್ಮ ಆಯುಷ್ಯವನ್ನು ಸುರಿದದ್ದು ಈ ಒಂದು ಪ್ರಶ್ನೆಗೆ. ಅವರು ಬರೆದು ಕಳುಹಿಸಿದ ಮೊದಲ ಪ್ರಬಂಧವನ್ನು ಪತ್ರಿಕೆಯವರು ಹಿಂದಿರುಗಿಸಿದ್ದರು. ಬೆಳೆ ಹೆಚ್ಚಿತೆನ್ನುತ್ತೀರಿ, ಯಾವುದಕ್ಕಿಂತ ಹೆಚ್ಚಿತು ಎಂಬುದು ಅವರ ಆಕ್ಷೇಪ. ಅದಕ್ಕೆಂದೇ ಪಕ್ಕದಲ್ಲೊಂದು ಏನೂ ಹಾಕದ ಪಟ್ಟಿ ಬೇಕಾಯಿತು. ಹೊಲವನ್ನು ಉಪವಾಸ ಕೆಡಹುವುದು ಪಾಪವೆಂದು ನಂಬಿದ್ದ ಅಪ್ಪನ ಚಕ್ಕಡಿಗೆ ಅವರು ಅಡ್ಡ ನಿಂತದ್ದು ಆಗ.

ಪ್ರಬಂಧ ಅಚ್ಚಾಗಿ ಬಂದ ದಿನ ಅಪ್ಪ ಪುಟ ಬಿಡಿಸಿಕೊಂಡು ಕೇಳಿದ್ದನಂತೆ: “ಇದರಾಗ ನನ್ನ ಹೊಲ ಎಲ್ಲೈತಿ?”

ಮಗಳು ಇಳುವರಿಯ ರೇಖಾನಕ್ಷೆಯ ಅಡಿಯ ಗೆರೆಯನ್ನು ತೋರಿಸಿದಳು.

“ಎಲ್ಲಾರಕಿಂತ ಕೆಳಗ? ಮಂದಿ ಏನಂದಾರು?”

“ಅದು ಕೆಳಗ ನಿಂತೈತಿ ಅಂತ ಮ್ಯಾಲಿಂದು ಮ್ಯಾಲ ಕಾಣತೈತಿ ಯಪ್ಪಾ.”

ಅಪ್ಪ ಬಹಳ ಹೊತ್ತು ಆ ಗೆರೆಯ ಮೇಲೆ ಬೆರಳಾಡಿಸಿದ. ಮರುವರ್ಷದಿಂದ ಗೊಬ್ಬರದ ಕಾಲದಲ್ಲಿ ಆ ಪಟ್ಟಿಯ ಕಾವಲಿಗೆ ತಾನೇ ನಿಂತ.

ಚಚಡಿ, ಬೈಲಹೊಂಗಲ ಊರುಗಳ ಹೊಲಗಳಲ್ಲಿಯೂ ಅಂಥ ಜೋಡಿ ಪಟ್ಟಿಗಳಿದ್ದವು. ಕಾಲುವೆಯ ನೀರು ಬಂದಂತೆ ಒಂದು ಕಬ್ಬಿಗೆ ಹೋಯಿತು, ಮತ್ತೊಂದು ಮಾರಾಟವಾಯಿತು. ಕೊನೆಗೆ ಉಳಿದದ್ದು ಇದೊಂದೇ. ಇಷ್ಟೂ ವರ್ಷಗಳ ಲೆಕ್ಕವನ್ನು ಕೂಡಿಸಿ ಗುರುಶಿಷ್ಯೆಯರು ಬರೆದ ದೊಡ್ಡ ಪ್ರಬಂಧಕ್ಕೆ ಪತ್ರಿಕೆಯವರು ಈ ಸಲ ಹೀಗೆ ಉತ್ತರಿಸಿದ್ದರು: ಈಚಿನ ಬೆಳೆಗಳೆಲ್ಲ ಅತಿವೃಷ್ಟಿಯವು, ಮಳೆ ಹದವಾಗಿರುವ ಈ ವರ್ಷದ ಬೆಳೆಯನ್ನೂ ಎರಡೂ ಪಟ್ಟಿಗಳಲ್ಲಿ ತೂಗಿ ಕಳುಹಿಸಿದರೆ ಪ್ರಕಟಿಸುತ್ತೇವೆ, ಇಲ್ಲವಾದರೆ ಸಾಧ್ಯವಿಲ್ಲ.

ಆಸ್ಪತ್ರೆಯ ಮಂಚದ ಮೇಲೆ, ಮಾತಿಗೆ ಉಸಿರು ಸಾಲದಿದ್ದಾಗಲೂ ಮೇಡಂ ಹೇಳಿದ್ದು ಅದನ್ನೇ. “ಕಡ್ಲಿ ಪೂರಾ ಒಣಗಲಿ. ಎರಡೂ ಪಟ್ಟಿ ಒಂದ ದಿನ ಕೀಳು. ನನಗೇನರ ಆತಂತ ನಿಂದರಬ್ಯಾಡ.”

“ಇಲ್ರಿ ಮೇಡಂ,” ಎಂದಿದ್ದಳು ಪ್ರಜ್ಞಾ.

* * *

ಹೂವಿನ ಕುರ್ಚಿಯಲ್ಲಿ ಕುಳ್ಳಿರಿಸಿದ ವಿಜಯಾ ಮೇಡಂ ಟ್ರ್ಯಾಕ್ಟರಿನಲ್ಲಿ ಬಂದರು. ಹಣೆಯ ತುಂಬ ವಿಭೂತಿ. ಕತ್ತು ಒಂದು ಮಗ್ಗುಲಿಗೆ ವಾಲಿತ್ತು. ಭಜನೆಯವರ ಹಿಂದೆ ಬಂದ ಜನ ಕುಣಿಯ ಸುತ್ತ ಒತ್ತಿ ನಿಂತರು. ಪಟ್ಟಿಯಲ್ಲಿ ಉಳಿದಿದ್ದ ಗಿಡಗಳೂ ಕಾಲಡಿಗೆ ಬಿದ್ದು ನಜ್ಜುಗುಜ್ಜಾದವು. ಕಾಡಪ್ಪನ ಮೊಮ್ಮಗಳು ಮಧು, ಕಾಲೇಜಿನಲ್ಲಿ ವಿಜ್ಞಾನ ಓದುವವಳು, ಪ್ರಜ್ಞಾಳ ಕೈ ಹಿಡಿದುಕೊಂಡಳು.

“ಅಕ್ಕಾರ, ಮಗ್ಗಲ ಸೆಣಬಿನ ಪಟ್ಟಿ ಹಾಂಗ ಐತಲ್ರಿ? ಅದರದು ತೂಕ ಹಿಡದ್ರ ಆಗೂದಿಲ್ಲೇನ್ರಿ?”

“ಅದು ಯಾವುದಕ್ಕಿಂತ ಹೆಚ್ಚು ಅಂತ ಕೇಳಿದ್ರ ಏನು ಹೇಳೂದು ಮಧು?”

ಮೇಡಂ ಅವರನ್ನು ಕುಣಿಗಿಳಿಸಿದರು. ಅಯ್ಯನವರು ಮಂತ್ರ ಹೇಳಿದರು. ಪತ್ರಿ ಬಿತ್ತು, ವಿಭೂತಿಗಟ್ಟಿಗಳು ಬಿದ್ದವು, ಬುಟ್ಟಿಬುಟ್ಟಿ ಉಪ್ಪು ಬಿತ್ತು. ಮೂವತ್ತು ವರ್ಷ ಬೊಗಸೆ ಗೊಬ್ಬರವನ್ನೂ ಕಾಣದಿದ್ದ ನೆಲ ಒಂದು ಗಳಿಗೆಯಲ್ಲಿ ಎಲ್ಲವನ್ನೂ ಉಂಡಿತು. ಸರದಿ ಬಂದಾಗ ಪ್ರಜ್ಞಾ ಹಿಡಿ ಮಣ್ಣನ್ನು ಎತ್ತಿಕೊಂಡಳು. ಹಾಕಲಾರದೆ ನಿಂತಳು. ಹಿಂದಿನವರು ಅವಸರಪಡಿಸಿದರು, ಹಾಕಿದಳು.

ಜನ ಚದುರಿದ ಮೇಲೆ ಕಾಡಪ್ಪ ಅವಳಿದ್ದಲ್ಲಿಗೆ ಬಂದ. ಮುಖ ಬೂದಿಯಾಗಿತ್ತು.

“ಮಧು ಎಲ್ಲಾ ಹೇಳಿದ್ಲು. ಆಕಿ ಜೋಡಿ ಆಕಿ ಪ್ರಯೋಗನೂ ಮುಗೀತು ಅಂತ ತಿಳದಿದ್ದೆ ನಾ.”

ಪ್ರಜ್ಞಾ ಬಗ್ಗಿ, ಕಾಲ್ತುಳಿತಕ್ಕೆ ಮುರಿದಿದ್ದ ಒಂದು ಗಿಡವನ್ನು ಎತ್ತಿಕೊಂಡಳು.

“ಒಂದು ಹೇಳ್ಲೇನು?” ಅವನು ದನಿ ತಗ್ಗಿಸಿದ. “ಹುಟ್ಟಿದಾಗಿಂದ ಈ ಹೊಲಾ ನೋಡೇನಿ. ಇಲ್ಲಿ ಎಷ್ಟು ಕಾಳು ಆಗತಿದ್ದು ಅಂತ ನಾ ಹೇಳತೇನಿ, ನೀ ಬರದ ಕಳಸು. ಯಾರಿಗೆ ತಿಳೀತೈತಿ?”

ಅವನ ಅಂದಾಜು ಹೆಚ್ಚೇನೂ ತಪ್ಪಲಿಕ್ಕಿಲ್ಲವೆಂಬುದು ಪ್ರಜ್ಞಾಳಿಗೂ ಗೊತ್ತಿತ್ತು. ಒಂದೇ ಒಂದು ಅಂಕಿ. ಅದನ್ನು ಬರೆದರೆ ಮೇಡಂ ಅವರ ಇಡೀ ಬಾಳು ಅಚ್ಚಿನಲ್ಲಿ ನಿಲ್ಲುತ್ತದೆ. ಬರೆಯದಿದ್ದರೆ ಈ ಮಣ್ಣಿನೊಂದಿಗೆ ಮಣ್ಣು. ಅವಳು ಬದುವಿನ ಮೇಲೆ ಕುಳಿತಳು.

“ಹೇಳು ತಂಗಿ.”

“ಪ್ರಬಂಧದ ಮ್ಯಾಲ ಮೊದಲ ಹೆಸರು ಮೇಡಂ ಅವರದ್ರಿ ಕಾಕಾ. ಅದಕ್ಕ ಹಂಗ ಬರ್ಯಾಕ ಬರೂದಿಲ್ಲ.”

“ಅಂದ್ರ ಅಚ್ಚಾಗೂದಿಲ್ಲ?”

“ಪಟ್ಟಿ ಹೋತು ಅಂತ ಬರದ ಕಳಸತೇನ್ರಿ.”

“ಹೆಂಗ ಹೋತು ಅಂತ ಬರೀತಿ?”

ಪ್ರಜ್ಞಾ ಹೊಸ ಮಣ್ಣಿನ ಗುಡ್ಡೆಯತ್ತ ನೋಡಿದಳು.

ಕಾಡಪ್ಪ ಹೆಗಲ ಮೇಲಿನ ಟವೆಲನ್ನು ಹೊಸ ಮಣ್ಣಿನ ಮಗ್ಗುಲಿಗೆ ಹಾಸಿ ಮೊಣಕಾಲೂರಿದ. ಜನರ ಹೆಜ್ಜೆಗಳಲ್ಲಿ ಹುದುಗಿದ್ದ ಹಸಿ ಕಾಯಿಗಳನ್ನು ಉಗುರಿನಿಂದ ಕೆದರಿ ತೆಗೆದು, ಒರೆಸಿ, ಒಂದೊಂದಾಗಿ ಟವೆಲಿಗೆ ಹಾಕತೊಡಗಿದ. ಬಲಿಯದ ಆ ಕಾಯಿಗಳು ಯಾವ ತಕ್ಕಡಿಗೂ ಸಲ್ಲುವುದಿಲ್ಲವೆಂದು ಪ್ರಜ್ಞಾಳಿಗೆ ಗೊತ್ತಿತ್ತು. ಆದರೂ ಎದ್ದು ಹೋಗಿ ಅವನ ಎದುರಿಗೆ ಕುಳಿತು ತಾನೂ ಕೆದರತೊಡಗಿದಳು.

ಮಧು ಬಂದು ಟವೆಲಿನ ಅಂಚು ಹಿಡಿದು ಕುಳಿತಳು. ಮೂವರ ಕೈಗಳೂ ಮಣ್ಣಾಗಿದ್ದವು.

“ಅಜ್ಜಾ,” ಎಂದಳು ಅವಳು. “ವಿಜಯಾ ಆಯಿ ಚಕ್ಕಡಿಗೆ ಅಡ್ಡ ನಿಂತದ್ದು ಇನ್ನೊಮ್ಮಿ ಹೇಳು. ಮೊದಲಿಂದ ಹೇಳು.”