ಮಂಚದ ಕೆಳಗಿನ ಕಡಲು

ಎರಡನೆಯ ಗುಂಡಿ ಹಾಕುವಷ್ಟರಲ್ಲಿ ಅವಳ ಬೆರಳು ಸೋತವು. ಗಂಡನ ಮೈ ಆಗಲೇ ಸೆಟೆದಿತ್ತು. ಮಗಳು ಮುಂದೆ ಬಂದು ಅಪ್ಪನ ಅಂಗಿಯ ಉಳಿದ ಗುಂಡಿಗಳನ್ನು ಹಾಕಿದಳು.

ಹೊರಗಿನ ಕೋಣೆಯಲ್ಲಿ ಮೈದುನ ಬಂದವರ ಜೊತೆ ಮಾತಿಗೆ ಕೂತಿದ್ದ.

"ವಿಜ್ಞಾನದ ಪುಸ್ತಕದಲ್ಲಿ ಕಪ್ಪೆ ಸೀಳಿದ ಚಿತ್ರ ಇತ್ತಲ್ಲ, ಅದು ಅಣ್ಣ ಬರೆದದ್ದು. ಮೊಳಕೆ ಬಂದ ಕಾಳು, ಕಿವಿಯ ಒಳಭಾಗ, ಎಲ್ಲಾ ಅವನದೇ."

"ಹೌದಾ? ಆ ಕಪ್ಪೆಗೆ ಮೀಸೆ ಬರೆದು ಮೇಷ್ಟ್ರ ಹತ್ರ ಏಟು ತಿಂದಿದ್ದೆ ನಾನು," ಎಂದ ಪಕ್ಕದ ಮನೆಯ ದರ್ಜಿ. "ಬರೆದವರ ಹೆಸರು ನೋಡಿದ ನೆನಪಿಲ್ಲ."

"ಹಾಕಿದ್ರೆ ತಾನೆ ನೋಡೋಕೆ."

ಅವಳಿಗೆ ಒಳಗೆ ಎಲ್ಲ ಕೇಳಿಸುತ್ತಿತ್ತು. ನಗು ಬರಲಿಲ್ಲ, ಅಳುವೂ ಬರಲಿಲ್ಲ.

*

ಹೋದ ವರ್ಷ ಹಳೆಯ ಗೋದಾಮೊಂದರಲ್ಲಿ ಚಿತ್ರಕಾರರ ಮೇಳ ನಡೆದಾಗ ಅಪ್ಪ ಅಮ್ಮ ಇಬ್ಬರನ್ನೂ ಹೊರಡಿಸಿದ್ದು ಮಗಳೇ. ಹೊಸ ಕಾಲದ ಹುಡುಗರು ಮೇಜು ಹಾಕಿಕೊಂಡು ತಾವು ಬರೆದದ್ದನ್ನು ಹರಡಿಕೊಂಡಿದ್ದರು. ಗಂಡ ಕನ್ನಡಕ ಒರೆಸಿಕೊಳ್ಳುತ್ತ, "ಗೆರೆ ಸಡಿಲ, ಬಣ್ಣ ಜಾಸ್ತಿ" ಎಂದು ಅವಳ ಕಿವಿಯಲ್ಲಿ ಗೊಣಗುತ್ತ ನಡೆದ. ಒಂದು ಮೇಜಿನ ಮುಂದೆ ಮಾತ್ರ ಕಾಲು ಕೀಳಲಿಲ್ಲ. ಚಿತ್ರದಲ್ಲಿ ಮುದುಕಿಯೊಬ್ಬಳು ಚಪ್ಪಲಿ ಹುಡುಕುತ್ತ ಮಂಚದ ಕೆಳಗೆ ಬಗ್ಗಿದ್ದಳು. ಅಲ್ಲಿ ಕಡಲಿತ್ತು, ದೂರದಲ್ಲೊಂದು ದೋಣಿ.

"ಇದನ್ನ ಎಲ್ಲಿ ನೋಡಿದೆಯಮ್ಮಾ?" ಎಂದು ಬರೆದ ಹುಡುಗಿಯನ್ನೇ ಕೇಳಿದ.

"ಎಲ್ಲೂ ಇಲ್ಲ ಅಂಕಲ್. ಸುಮ್ನೆ ಹೊಳೀತು."

ಮನೆಗೆ ಬಂದು ಕೈಕಾಲು ತೊಳೆದ. ಆಮೇಲೆ ಅಂದ, "ಜೀವಮಾನವೆಲ್ಲ ಇದ್ದದ್ದನ್ನೇ ಬರೆದೆ ಕಣೇ. ಒಂದಾದ್ರೂ ಇಲ್ಲದ್ದನ್ನ ಬರೀಬೇಕು."

ಬೆಳಗಾದರೆ ಹಾಳೆ ಮುಂದಿಟ್ಟುಕೊಂಡು ಕೂರುತ್ತಿದ್ದ. ಕಡಲು ಬರೆಯಲು ಹೋದರೆ ನೀರು ಆವಿಯಾಗುವ ಬಾಣಗುರುತು ಮೂಡುತ್ತಿತ್ತು. ಹಕ್ಕಿ ಬರೆದರೆ ಕೊಕ್ಕಿಗೊಂದು, ಪುಕ್ಕಕ್ಕೊಂದು ಗೆರೆ ಎಳೆದು, ಹೆಸರು ತುಂಬಲು ಕೈ ತಾನಾಗಿಯೇ ಜಾಗ ಬಿಟ್ಟಿರುತ್ತಿತ್ತು.

"ಚೆನ್ನಾಗೇ ಇದೆಯಲ್ರೀ," ಎಂದಳು ಒಮ್ಮೆ.

"ಚೆನ್ನಾಗಿದೆ. ಪರೀಕ್ಷೆಗೆ ಬರುತ್ತೆ," ಎಂದು ಹಾಳೆಯನ್ನು ಹರಿದ.

ಮಳೆಗಾಲದ ಹೊತ್ತಿಗೆ ಪೆನ್ಸಿಲ್ ಮುಟ್ಟುವುದನ್ನು ಬಿಟ್ಟ. ಆಮೇಲೆ ಊಟ ಬಿಟ್ಟ, ಮಾತು ಬಿಟ್ಟ. ವೈದ್ಯರಿಗೆ ಹೆಸರಿಡುವಂಥ ರೋಗವೇನೂ ಸಿಗಲಿಲ್ಲ.

*

ಸ್ಮಶಾನದಲ್ಲಿ ಎಲ್ಲ ಮುಗಿಸಿ ಬಂದವರಿಗೆ ಮಗಳು ಚಹಾ ಮಾಡಿದಳು. ಲೋಟ ಇಡಲು ಜಾಗವಿಲ್ಲದೆ ಮೈದುನ ಅಣ್ಣ ಚಿತ್ರ ಬರೆಯುತ್ತಿದ್ದ ಮೇಜನ್ನು ಹೊರಗೆ ಎತ್ತಿ ತಂದ. ಇಟ್ಟ ಲೋಟ ಸರ್ರನೆ ಅಂಚಿಗೆ ಜಾರಿತು.

"ಇದೇನು ಅತ್ತಿಗೆ, ಹೀಗೆ ವಾಲಿದೆ?"

"ಅದು ಇರೋದೇ ಹಾಗೆ. ಚಿತ್ರ ಬರೆಯೋಕೆ ಅಂತ ಅವರೇ ವಾಲಿಸಿಕೊಂಡಿದ್ದು."

ದರ್ಜಿ ಬಗ್ಗಿ ನೋಡಿದ. ಅಡಿಯ ತಿರುಪು ಸಡಿಲಿಸಿ, ಹಲಗೆಯನ್ನು ಅಂಗೈಯಿಂದ ಒತ್ತಿ ಮಟ್ಟ ಮಾಡಿ, ಮತ್ತೆ ಬಿಗಿದ. ಒಬ್ಬೊಬ್ಬರಾಗಿ ತಮ್ಮ ತಮ್ಮ ಲೋಟಗಳನ್ನು ಅದರ ಮೇಲಿಟ್ಟರು. ಒಂದೂ ಅಲುಗಲಿಲ್ಲ.