ಕಷಾಯದ ಗುಣ

ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಸುಧಾಕರ ಮೊಗವೀರ ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಹೆಪಟೈಟಿಸ್ ಬಿ ಅವನ ಲಿವರಿನಲ್ಲಿ ಕ್ಯಾನ್ಸರ್ ಎಬ್ಬಿಸಿದ್ದೇ ತಡ, ಅವನು ಕುಡಿದ ಬಾಟಲಿಗಳೆಲ್ಲ ಊರಿಗೆ ನೆನಪಾದವು.

ಆಸ್ಪತ್ರೆಯವರು ಎರಡು ಔಷಧಿ ಒಟ್ಟಿಗೆ ಕೊಟ್ಟು ನೋಡುವ ಪ್ರಯೋಗಕ್ಕೆ ಅವನು ಸಹಿ ಹಾಕಿದ.

"ಹ್ವಾಯ್ ಭಾವಾ, ನಿಮ್ಮನ್ನ್ ಇಲಿ ಮಾಡ್ತ್ರ್!" ಎಂದು ಕೋಟೇಶ್ವರದಿಂದ ಓಡಿ ಬಂದ ಹೆಂಡತಿಯ ತಮ್ಮ ರವಿಚಂದ್ರ, ಬೇರಿನ ಕಷಾಯ ಕೊಟ್ಟು ಹೋದ. ಬೇರೆ ಮದ್ದು ಕುಡಿದರೆ ಪ್ರಯೋಗದಿಂದ ಹೊರಗೆ ಎಂದಿದ್ದರು ಡಾಕ್ಟರು. ಸುಧಾಕರ ಅದನ್ನು ತೆಂಗಿನ ಬುಡಕ್ಕೆ ಹೊಯ್ದ.

ನಾಲ್ಕು ತಿಂಗಳಿಗೆ ಗಡ್ಡೆ ಅರ್ಧಕ್ಕಿಳಿಯಿತು. ಡಾಕ್ಟರ ಮುಂದೆಯೇ ರವಿಚಂದ್ರ ಎದೆಯುಬ್ಬಿಸಿದ: "ಎಲ್ಲ ನನ್ ಕಷಾಯದ್ ಗುಣ!"

ಪ್ರಯೋಗದಿಂದ ಹೊರಹಾಕಿಬಿಟ್ಟಾರೆಂದು ಸುಧಾಕರ ಡಾಕ್ಟರ ಕಡೆ ತಿರುಗಿದ. "ನಾ ಕುಡೀಲೇ ಇಲ್ಲೆ, ತೆಂಗಿನ್ ಬುಡಕ್ ಹೊಯ್ದದ್ದ್!"

ಡಾಕ್ಟರು ನಂಬಿದರು. ಊರು ನಂಬಲಿಲ್ಲ; ಮರುದಿನವೇ ಇಬ್ಬರು ಕಷಾಯಕ್ಕೆಂದು ಕೋಟೇಶ್ವರದ ಬಸ್ಸು ಹತ್ತಿದರು.